ಚಳಿಗಾಲದ ಓಟ ಮತ್ತು 'ಕಳ್ಳ ಕೆಮ್ಮು'

ಡಿಸೆಂಬರ್ ತಿಂಗಳ ಮುಂಜಾನೆ ಶಾಲೆಗೆ ಹೋಗುವಾಗ ಬಾಯಿಂದ 'ಹೊಗೆ' ಬಿಟ್ಟು ಆಡದ ಮಕ್ಕಳಿಲ್ಲ. ಎರಡು ಬೆರಳಿನ ನಡುವೆ ಸೀಮೆಸುಣ್ಣದ ತುಂಡು ಹಿಡಿದು ಬೀಡಿ ಸೇದುವ ನಟನೆಯನ್ನು ನಾವೂ ಮಾಡಿದ್ದೇವೆ, ನೀವೂ ಮಾಡಿರುತ್ತೀರಿ. ಅದು ಹೊಗೆಯಲ್ಲ, ನಮ್ಮ ಮೈಯೊಳಗಿನ ನೀರು ಎಂಬುದು ನಿಮಗೆ ಗೊತ್ತೇ ಇದೆ. ಉಸಿರಿನೊಡನೆ ಹೊರಬಂದ ನೀರಾವಿ ತಣ್ಣನೆಯ ಗಾಳಿಗೆ ತಗುಲಿ ಸೂಕ್ಷ್ಮ ಹನಿಗಳಾಗುತ್ತದೆ. ಆದರೆ ಆ ನೀರು ಎಲ್ಲಿಂದ ಬಂತು, ಮಿತಿಮೀರಿ ಹೋದರೆ ಏನಾಗುತ್ತದೆ ಎಂದು ನಾವು ಕೇಳಿಕೊಳ್ಳುವುದು ಕಡಿಮೆ.

ಈ ಪ್ರಶ್ನೆಯನ್ನು ನನಗೆ ಮತ್ತೆ ನೆನಪಿಸಿದ್ದು ಆಸ್ತಮಾ ಕುರಿತ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಬೀದರಿನಿಂದ ಬಂದ ಒಂದು ಕರೆ. ಕರೆ ಮಾಡಿದ್ದು ಪಿಯುಸಿ ಓದುವ ಹುಡುಗ. ಪೊಲೀಸ್ ಇಲಾಖೆಗೆ ಸೇರಬೇಕೆಂದು ದಿನವೂ ಬೆಳಗಿನ ಜಾವ 1600 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದ. "ಓಡೋವಾಗ ಏನೂ ಆಗಲ್ಲರೀ ಸರ, ನಿಂತ ಮ್ಯಾಲ ಕೆಮ್ಮು ಸುರುವಾಗ್ತದ. ಅರ್ಧ ತಾಸು ಬಿಡಂಗಿಲ್ಲ. ಮನ್ಯಾಗ ಓಟ ಬಿಡು ಅಂತಾರ, ಬಿಡ್ಲೇನ್ರೀ?" ಎಂಬುದು ಅವನ ಪ್ರಶ್ನೆ. ಸ್ಟುಡಿಯೋದಲ್ಲಿದ್ದ ವೈದ್ಯರು "ಬಿಡಬೇಡಪ್ಪ, ಮೊದಲು ಪರೀಕ್ಷೆ ಮಾಡಿಸು" ಎಂದರು. ಅಷ್ಟರಲ್ಲಿ ನಮ್ಮ ಸಮಯ ಮುಗಿಯಿತು. ಟೆಲಿವಿಷನ್ನಿನ ಕಷ್ಟವೇ ಅದು. ಅಂದು ಅರ್ಧಕ್ಕೆ ನಿಂತ ಉತ್ತರದ ಉಳಿದ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗನ ಮಾತು ನನಗೆ ಬೇಗ ಅರ್ಥವಾಗಲು ಕಾರಣವಿದೆ. ನಾನು ಹೈಸ್ಕೂಲಿನಲ್ಲಿದ್ದದ್ದು ಮಲೆನಾಡಿನ ಅಂಚಿನ ಒಂದು ಊರಿನಲ್ಲಿ. ಕ್ರೀಡಾಕೂಟದ ತಾಲೀಮು ನಡೆಯುತ್ತಿದ್ದದ್ದು ಮಂಜು ಕವಿದ ಮುಂಜಾನೆಗಳಲ್ಲಿ. ಮೈದಾನವನ್ನು ನಾಲ್ಕು ಸುತ್ತು ಹಾಕಿ ನಿಂತರೆ ನನಗೆ ಕೆಮ್ಮು ಶುರುವಾಗುತ್ತಿತ್ತು, ಎದೆಯೊಳಗೆ ಬೆಕ್ಕಿನ ಮರಿ ಕೂಗಿದಂತೆ ಸಣ್ಣ ಶಬ್ದ. ನಮ್ಮ ಡ್ರಿಲ್ ಮೇಷ್ಟ್ರು ಅದಕ್ಕೆ ಇಟ್ಟ ಹೆಸರು 'ಕಳ್ಳ ಕೆಮ್ಮು'. ಓಡುವುದನ್ನು ತಪ್ಪಿಸಿಕೊಳ್ಳಲು ಮಾಡುವ ನಾಟಕ ಎಂದು ಅವರ ತೀರ್ಮಾನ. ಅವರ ತರ್ಕವೂ ಸರಳವಾಗಿತ್ತು: ನಿಜವಾದ ಕಾಯಿಲೆಯಾದರೆ ಓಡುವಾಗಲೇ ಬರಬೇಕು, ನಿಂತ ಮೇಲೆ ಬರುವುದು ಎಂಥ ಕಾಯಿಲೆ? ಅದೇ ಕಾಯಿಲೆಯ ಗುರುತು ಎಂಬುದು ಅವರಿಗೆ ತಿಳಿದಿರಲಿಲ್ಲ. ನನಗೂ ತಿಳಿದದ್ದು ಬಿ.ಎಸ್‌ಸಿ. ಮುಗಿದ ಎಷ್ಟೋ ವರ್ಷಗಳ ನಂತರ.

ಮೂಗಿನೊಳಗಿನ ಹಂಡೆ ಒಲೆ

ನಮ್ಮ ಶ್ವಾಸಕೋಶಗಳು ಬಹಳ ನಾಜೂಕಿನವು. ಹೊರಗಿನ ಗಾಳಿ ಹೇಗೇ ಇರಲಿ, ಗಾಳಿಗೂಡುಗಳನ್ನು ತಲಪುವ ಹೊತ್ತಿಗೆ ಅದು 37 ಡಿಗ್ರಿ ಸೆಲ್ಸಿಯಸ್ ಬೆಚ್ಚಗಾಗಿರಬೇಕು ಮತ್ತು ನೀರಾವಿಯಿಂದ ಪೂರ್ತಿ ತುಂಬಿರಬೇಕು. ಈ ಕೆಲಸದ ಬಹುಪಾಲನ್ನು ಮಾಡುವುದು ಮೂಗು. ಮೂಗಿನ ಒಳಗೋಡೆಯ ಸುರುಳಿಗಳಲ್ಲಿ ರಕ್ತನಾಳಗಳು ದಟ್ಟವಾಗಿವೆ. ಒದ್ದೆ ಬಟ್ಟೆ ಸುತ್ತಿದ ಬಿಸಿನೀರಿನ ಕೊಳವೆಯ ನಡುವೆ ಗಾಳಿ ಹಾದುಹೋದಂತೆ ಅಲ್ಲಿ ಗಾಳಿ ಬೆಚ್ಚಗಾಗಿ, ತೇವಗೊಂಡು, ಧೂಳನ್ನು ಕಳೆದುಕೊಂಡು ಮುಂದಕ್ಕೆ ಹೋಗುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. 37 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 44 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 15 ಡಿಗ್ರಿಯಲ್ಲಿ, ಅಂದರೆ ಬೆಂಗಳೂರಿನ ಜನವರಿ ಮುಂಜಾನೆಯಲ್ಲಿ, ಅದರ ಸಾಮರ್ಥ್ಯ ಸುಮಾರು 13 ಗ್ರಾಂ. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ, 0 ಡಿಗ್ರಿಯಲ್ಲಿ 5 ಗ್ರಾಂಗಿಂತ ಕಡಿಮೆ. "ಮಂಜು ಕವಿದ ಗಾಳಿ ಒದ್ದೆಯಲ್ಲವೇ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಮಂಜಿನ ಗಾಳಿಯ ಆರ್ದ್ರತೆ ಶೇಕಡಾ 100 ಇರಬಹುದು, ಆದರೆ ಅದು 15 ಡಿಗ್ರಿಯ ನೂರು. ಅದೇ ಗಾಳಿಯನ್ನು ಎದೆಯೊಳಗೆ 37 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಚರ್ಮಕ್ಕೆ ಒದ್ದೆ ಎನಿಸಿದ ಗಾಳಿ ಶ್ವಾಸನಾಳಕ್ಕೆ ಒಣಗಾಳಿಯೇ. ಪ್ರತಿ ಘನಮೀಟರ್‌ಗೆ ಕಡಿಮೆ ಬಿದ್ದ 31 ಗ್ರಾಂ ನೀರನ್ನು ನೀವೇ ಕೊಡಬೇಕು.

ಸುಮ್ಮನೆ ಕುಳಿತಾಗ ಇದೇನೂ ದೊಡ್ಡ ಹೊರೆಯಲ್ಲ. ಆಗ ನಾವು ಉಸಿರಾಡುವುದು ನಿಮಿಷಕ್ಕೆ 6 ಲೀಟರಿನಷ್ಟು ಗಾಳಿ. ವೇಗವಾಗಿ ಓಡುವಾಗ ಅದು 80, 100 ಲೀಟರಿಗೆ ಏರುತ್ತದೆ. ನುರಿತ ಓಟಗಾರರಲ್ಲಿ ಇನ್ನೂ ಹೆಚ್ಚು. ಅಷ್ಟು ಗಾಳಿಯನ್ನು ಎಳೆದುಕೊಳ್ಳಲು ಮೂಗಿನ ದಾರಿ ಸಾಲದೆ ಬಾಯಿ ತೆರೆಯುತ್ತೇವೆ. ಅಂದರೆ ಹಂಡೆ ಒಲೆಯ ಕೋಣೆಯನ್ನು ಬಿಟ್ಟು ಅಡ್ಡದಾರಿಯಲ್ಲಿ ತಣ್ಣನೆಯ ಗಾಳಿ ನೇರವಾಗಿ ಒಳನುಗ್ಗುತ್ತದೆ. ನಿಮಿಷಕ್ಕೆ 80 ಲೀಟರಿನಂತೆ ಹತ್ತು ನಿಮಿಷ ಓಡಿದರೆ, ಮೇಲಿನ ಲೆಕ್ಕದಲ್ಲಿ, ಸುಮಾರು 25 ಗ್ರಾಂ ನೀರು ಬೇಕಾಯಿತು. ಉಸಿರು ಹೊರಬಿಡುವಾಗ ಒಂದಿಷ್ಟು ಹಿಂದಕ್ಕೆ ಸಿಗುತ್ತದೆ, ನಿಜ. ಆದರೂ ಈ ನೀರನ್ನು ಒದಗಿಸಬೇಕಾದ ದ್ರವದ ಪದರ ಎಷ್ಟು ತೆಳು ಗೊತ್ತೇ? ಶ್ವಾಸನಾಳದ ಒಳಮೈಯಲ್ಲಿರುವ ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು.

ಒಣಗುತ್ತಿರುವ ಆ ಪದರದಲ್ಲಿ ನೀರು ಕಡಿಮೆಯಾಗಿ ಉಪ್ಪಿನ ಸಾಂದ್ರತೆ ಏರುತ್ತದೆ. ಉಪ್ಪಿನಕಾಯಿ ಭರಣಿಯಲ್ಲಿ ಮಾವಿನ ಹೋಳು ನೀರು ಬಿಡುವಂತೆ ಪಕ್ಕದ ಜೀವಕೋಶಗಳು ನೀರನ್ನು ಬಿಟ್ಟುಕೊಟ್ಟು ಮುದುಡುತ್ತವೆ. ಅಲ್ಲಿರುವ ಮಾಸ್ಟ್ ಕೋಶಗಳೆಂಬ ಕಾವಲುಗಾರರು ಇದನ್ನು ಅಪಾಯವೆಂದು ತಿಳಿದು ಹಿಸ್ಟಮಿನ್, ಲ್ಯೂಕೋಟ್ರೈನ್ ಮುಂತಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಶ್ವಾಸನಾಳವನ್ನು ಬಳಸಿರುವ ಸ್ನಾಯುಗಳು ಬಿಗಿಯುತ್ತವೆ, ಒಳಪೊರೆ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಅಗಲವಾದ ರಸ್ತೆ ಗಲ್ಲಿಯಾಗುತ್ತದೆ. ಕೆಮ್ಮು, ಎದೆ ಬಿಗಿತ, ಸಿಳ್ಳಿನಂಥ ಶಬ್ದ ಎಲ್ಲವೂ ಈ ಗಲ್ಲಿಯ ಫಲ. ಎಲ್ಲರಿಗೂ ಮೂರೂ ಬರಬೇಕೆಂದಿಲ್ಲ. ಎಷ್ಟೋ ಮಂದಿಯಲ್ಲಿ ಕೆಮ್ಮು ಒಂದೇ ಲಕ್ಷಣ. ಹಾಗಾಗಿಯೇ ಇದು ಉಬ್ಬಸವೆಂದು ಯಾರಿಗೂ ಹೊಳೆಯುವುದಿಲ್ಲ.

ನೀರಿನ ನಷ್ಟವೇ ಮುಖ್ಯ ಕಾರಣವೆಂದು ವಾದಿಸಿದವರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಸಾಂಡ್ರಾ ಆಂಡರ್ಸನ್ ಪ್ರಮುಖರು. ತಣ್ಣಗಾದ ಶ್ವಾಸನಾಳ ಓಟ ನಿಂತೊಡನೆ ಮತ್ತೆ ಬಿಸಿಯಾಗುವಾಗ ರಕ್ತನಾಳಗಳು ಉಬ್ಬಿಕೊಳ್ಳುವುದೇ ಕಾರಣವೆಂದವರು ಅಮೆರಿಕದ ಮ್ಯಾಕ್‌ಫ್ಯಾಡನ್. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಂದು ತಕ್ಕಡಿ ವಾಲಿರುವುದು ನೀರಿನ ಕಡೆಗೆ. ನನ್ನ ಮನಸ್ಸಿಗೆ ಹಿಡಿಸಿದ್ದು ಎರಡು ಪ್ರಯೋಗಗಳು. ಇಂಥ ತೊಂದರೆಯಿರುವವರಿಗೆ ದೇಹದಷ್ಟೇ ಬೆಚ್ಚಗಿನ, ಪೂರ್ತಿ ತೇವದ ಗಾಳಿಯನ್ನು ಕೊಟ್ಟು ವ್ಯಾಯಾಮ ಮಾಡಿಸಿದರೆ ಉಬ್ಬಸ ಬರುವುದಿಲ್ಲ. ಅದೇ ವ್ಯಕ್ತಿಯನ್ನು ಕುರ್ಚಿಯಲ್ಲಿ ಕೂರಿಸಿ, ಓಡುವವರ ವೇಗದಲ್ಲಿ ಆರು ನಿಮಿಷ ಒಣಗಾಳಿಯನ್ನು ಉಸಿರಾಡಿಸಿದರೆ ಕುಳಿತಲ್ಲೇ ಉಬ್ಬಸ ಬರುತ್ತದೆ! ಅಂದಮೇಲೆ ಅಪರಾಧಿ ಓಟವಲ್ಲ, ಗಾಳಿ. ಬೀದರಿನ ಹುಡುಗನ ಮನೆಯವರಿಗೆ ಹೇಳಬೇಕಾದ ಮಾತು ಇದೇ.

ಇನ್ನು ನಮ್ಮ ಮೇಷ್ಟ್ರ ಪ್ರಶ್ನೆ. ನಿಂತ ಮೇಲೇ ಏಕೆ? ಓಡುತ್ತಿರುವಾಗ ದೇಹದಲ್ಲಿ ಅಡ್ರಿನಲಿನ್ ಪ್ರಮಾಣ ಹೆಚ್ಚಿರುತ್ತದೆ. ಅದು ಶ್ವಾಸನಾಳದ ಸ್ನಾಯುಗಳನ್ನು ಸಡಿಲಿಸುವ ರಾಸಾಯನಿಕ. ಜೊತೆಗೆ ಆಳವಾದ ಉಸಿರಾಟವೂ ನಾಳಗಳನ್ನು ಹಿಗ್ಗಿಸುತ್ತಿರುತ್ತದೆ. ನಿಂತೊಡನೆ ಈ ಎರಡು ಆಸರೆಗಳೂ ಜಾರುತ್ತವೆ. ಆದ್ದರಿಂದ ಬಿಗಿತವು ಸಾಮಾನ್ಯವಾಗಿ ಓಟ ಮುಗಿದ 5ರಿಂದ 15 ನಿಮಿಷಗಳಲ್ಲಿ ತುತ್ತತುದಿಗೆ ಏರಿ, ಅರ್ಧದಿಂದ ಒಂದೂವರೆ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಕಳ್ಳ ಕೆಮ್ಮಿಗೆ ಇಷ್ಟು ಚೆನ್ನಾಗಿ ಗಡಿಯಾರ ನೋಡಲು ಬರುವುದಿಲ್ಲ.

ಎಲ್ಲ ಕೆಮ್ಮೂ ಉಬ್ಬಸವಲ್ಲ

ಹಾಗೆಂದು ಓಡಿದ ಮೇಲೆ ಕೆಮ್ಮಿದವರೆಲ್ಲ 'ನನಗೆ ಆಸ್ತಮಾ' ಎಂದು ತೀರ್ಮಾನಿಸಬೇಡಿ. ವರ್ಷಕ್ಕೊಮ್ಮೆ ಚಳಿಯಲ್ಲಿ ಜೋರಾಗಿ ಓಡಿ ಒಂದೆರಡು ನಿಮಿಷ ಕೆಮ್ಮುವುದು ಯಾರಿಗಾದರೂ ಆಗಬಹುದು. ಮೂಗಿನ ಅಲರ್ಜಿಯಿಂದ ಗಂಟಲಿಗೆ ಇಳಿಯುವ ಸಿಂಬಳ, ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದು, ಇವೂ ಕೆಮ್ಮು ತರುತ್ತವೆ. ಓಟದ ಮಧ್ಯದಲ್ಲೇ ಗಂಟಲು ಹಿಡಿದಂತಾಗಿ, ಉಸಿರು ಒಳಗೆ ಎಳೆದುಕೊಳ್ಳುವಾಗ ಶಬ್ದ ಬಂದು, ನಿಂತ ಕೆಲವೇ ನಿಮಿಷದಲ್ಲಿ ಸರಿಹೋದರೆ ಅದು ಧ್ವನಿಪೆಟ್ಟಿಗೆಯ ತೊಂದರೆ ಇರಬಹುದು. ಅದಕ್ಕೆ ಇನ್‌ಹೇಲರ್ ನಾಟುವುದಿಲ್ಲ. ಬೇಗ ಸುಸ್ತಾಗುವ ಹೆಣ್ಣುಮಕ್ಕಳು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಹೃದಯ ಪರೀಕ್ಷೆ ಆಗಲೇಬೇಕು. ಎರಡು ವಾರ ದಾಟಿದ ಕೆಮ್ಮು, ಜೊತೆಗೆ ಸಂಜೆ ಜ್ವರವೋ ತೂಕ ಇಳಿಯುವುದೋ ಇದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯರೋಗಕ್ಕಾಗಿ ಕಫ ಪರೀಕ್ಷೆ ಉಚಿತವಾಗಿದೆ. ಅದನ್ನು ಮುಂದೂಡಬೇಡಿ.

ಉಬ್ಬಸವೇ ಎಂದು ತಿಳಿಯಲು ವೈದ್ಯರು ಸ್ಪೈರೋಮೀಟರ್‌ಗೆ ಊದಿಸುತ್ತಾರೆ. ಓಟಕ್ಕೆ ಮೊದಲು ಮತ್ತು ನಂತರ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚು ಕುಸಿದಿದ್ದರೆ ಅದು ವ್ಯಾಯಾಮದಿಂದ ಬರುವ ಶ್ವಾಸನಾಳ ಬಿಗಿತ. ಪೀಕ್ ಫ್ಲೋ ಮೀಟರ್ ಎಂಬ ಅಂಗೈ ಉದ್ದದ, ಅಗ್ಗದ ಉಪಕರಣ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ವೈದ್ಯರ ಬಳಿ ಹೋಗುವ ಮೊದಲು ಒಂದು ವಾರ ನೋಟ್ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಓಡಿದಿರಿ, ಎಷ್ಟು ನಿಮಿಷಕ್ಕೆ ಕೆಮ್ಮು ಬಂತು, ಎಷ್ಟು ಹೊತ್ತು ಇತ್ತು, ರಾತ್ರಿ ಎಚ್ಚರವಾಯಿತೇ. "ಆಗಾಗ ಕೆಮ್ಮು ಬರುತ್ತದೆ ಡಾಕ್ಟ್ರೇ" ಎನ್ನುವುದಕ್ಕಿಂತ ಈ ಒಂದು ಹಾಳೆ ಹತ್ತು ಪಾಲು ಹೆಚ್ಚು ಹೇಳುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಅಧ್ಯಯನದಲ್ಲಿ 1979ರಲ್ಲಿ ಶೇಕಡಾ 9ರಷ್ಟಿದ್ದ ಆಸ್ತಮಾ 1999ಕ್ಕೆ ಶೇಕಡಾ 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಇಡೀ ಊರಿನದಲ್ಲ ಎಂಬುದನ್ನು ಮರೆಯಬಾರದು. ಆದರೂ ಏರಿದ ಪರಿ ಕಣ್ಣಿಗೆ ಹೊಡೆಯುವಂತಿದೆ.

ಓಟ ಬಿಡದೆ ಏನು ಮಾಡಬಹುದು?

ಮೊದಲನೆಯದು ಹೊತ್ತು. ಮುಂಜಾನೆಯ ಗಾಳಿ ಶುದ್ಧ ಎಂಬ ನಂಬಿಕೆ ಚಳಿಗಾಲದ ಪಟ್ಟಣಗಳಿಗೆ ಒಪ್ಪುವುದಿಲ್ಲ. ರಾತ್ರಿ ನೆಲ ಬೇಗ ತಣ್ಣಗಾಗಿ, ಅದರ ಮೇಲೆ ತಣ್ಣನೆಯ ಗಾಳಿಯೂ ಅದರ ಮೇಲೆ ಬೆಚ್ಚನೆಯ ಗಾಳಿಯೂ ಮುಚ್ಚಳ ಹಾಕಿದಂತೆ ನಿಲ್ಲುತ್ತವೆ. ವಾಹನಗಳ ಹೊಗೆ, ಒಣಎಲೆ ಕಸ ಸುಟ್ಟ ಹೊಗೆ ಆ ಮುಚ್ಚಳದಡಿ ಸಿಕ್ಕಿಬೀಳುತ್ತದೆ. ಬಿಸಿಲು ಏರಿದ ಮೇಲೆಯೇ ಅದು ಚದುರುವುದು. ಸಾಧ್ಯವಿದ್ದರೆ ಡಿಸೆಂಬರ್, ಜನವರಿಯ ತಾಲೀಮನ್ನು ಸಂಜೆ ನಾಲ್ಕೂವರೆಯ ಸುಮಾರಿಗೆ ಇಟ್ಟುಕೊಳ್ಳಿ. ನೇಮಕಾತಿಯ ಓಟ ಬೆಳಿಗ್ಗೆಯೇ ನಡೆಯುವುದಾದರೆ ವಾರದಲ್ಲಿ ಒಂದೆರಡು ದಿನ ಆ ಹೊತ್ತಿನಲ್ಲೂ ಓಡಿ ನೋಡಿ.

ಎರಡನೆಯದು ಮೈ ಬಿಸಿ ಮಾಡಿಕೊಳ್ಳುವುದು. ಇದರ ಹಿಂದೆ ಒಂದು ಸ್ವಾರಸ್ಯವಿದೆ. ಒಮ್ಮೆ ಬಿಗಿದು ಸಡಿಲಗೊಂಡ ಶ್ವಾಸನಾಳ, ಸುಮಾರು ಅರ್ಧದಷ್ಟು ಜನರಲ್ಲಿ, ಮುಂದಿನ ಒಂದರಿಂದ ಮೂರು ಗಂಟೆ ಅಷ್ಟಾಗಿ ಬಿಗಿಯುವುದಿಲ್ಲ. ಮಾಸ್ಟ್ ಕೋಶಗಳ ಮದ್ದುಗುಂಡು ಖಾಲಿಯಾಗಿರುತ್ತದೆಂದು ಬೇಕಾದರೆ ಇಟ್ಟುಕೊಳ್ಳಿ (ವಿಷಯ ಅಷ್ಟು ಸರಳವಲ್ಲ, ಆದರೆ ನೆನಪಿಗೆ ಸಾಕು). ಹತ್ತು ಹದಿನೈದು ನಿಮಿಷ ನಡಿಗೆ, ಮೆಲ್ಲೋಟ, ನಡುನಡುವೆ ಅರ್ಧ ನಿಮಿಷದ ನಾಲ್ಕಾರು ಚುರುಕು ಓಟ, ಆಮೇಲೆ ನಿಜವಾದ ಓಟ. ಮುಗಿದ ಮೇಲೂ ಗಕ್ಕನೆ ನಿಲ್ಲದೆ ಐದು ನಿಮಿಷ ನಡೆಯಿರಿ.

ಮೂರನೆಯದು ಮೂಗು ಬಾಯಿಗೆ ಒಂದು ಬಟ್ಟೆ. ತೆಳ್ಳನೆಯ ಮಫ್ಲರ್ ಅಥವಾ ಕೋವಿಡ್ ಕಾಲದಲ್ಲಿ ಮನೆಯಲ್ಲೇ ಹೊಲಿದ ಬಟ್ಟೆ ಮಾಸ್ಕ್ ಸಾಕು. ಹೊರಬಿಟ್ಟ ಉಸಿರಿನ ಬಿಸಿ, ತೇವ ಬಟ್ಟೆಯಲ್ಲಿ ಉಳಿದು ಮುಂದಿನ ಉಸಿರಿಗೆ ವಾಪಸು ಸಿಗುತ್ತದೆ. ಸ್ಪರ್ಧೆಯ ವೇಗದಲ್ಲಿ ಇದು ಕಷ್ಟ, ಅಭ್ಯಾಸದ ಮೆಲ್ಲೋಟದಲ್ಲಿ ಕಷ್ಟವಿಲ್ಲ.

ಆಟದ ಆಯ್ಕೆಯೂ ಲೆಕ್ಕಕ್ಕೆ ಬರುತ್ತದೆ. ದೂರದ ಓಟ, ಫುಟ್‌ಬಾಲ್, ಹಾಕಿಗಳಲ್ಲಿ ಎಡೆಬಿಡದ ಉಸಿರಾಟ. ವಾಲಿಬಾಲ್, ಕ್ರಿಕೆಟ್, ಕಡಿಮೆ ದೂರದ ಓಟಗಳಲ್ಲಿ ನಡುವೆ ಬಿಡುವಿದೆ. ಈಜಿನಲ್ಲಿ ನೀರಿನ ಮೇಲಿನ ತೇವದ ಗಾಳಿ ಅನುಕೂಲ, ಕೊಳದ ಕ್ಲೋರಿನ್ ಕೆಲವರಿಗೆ ಪ್ರತಿಕೂಲ.

ಕಾಫಿಯ ಬಗ್ಗೆ ಒಂದು ಮಾತು, ಏಕೆಂದರೆ ಕೇಳಿದವರು ಅನೇಕರು. 1860ರಲ್ಲಿ ಇಂಗ್ಲೆಂಡಿನ ವೈದ್ಯ ಹೆನ್ರಿ ಸಾಲ್ಟರ್ ಆಸ್ತಮಾ ಕುರಿತ ತಮ್ಮ ಗ್ರಂಥದಲ್ಲಿ ಗಟ್ಟಿ ಕಾಫಿಯನ್ನು ಶಿಫಾರಸು ಮಾಡಿದ್ದರು. ಕೆಫೀನ್ ಥಿಯೋಫಿಲಿನ್ ಎಂಬ ಔಷಧಿಯ ದಾಯಾದಿಯೇ, ನಾಳಗಳನ್ನು ಸ್ವಲ್ಪ ಹಿಗ್ಗಿಸುತ್ತದೆ. ಸ್ವಲ್ಪ ಮಾತ್ರ! ಚಿಕ್ಕಮಗಳೂರಿನವರು ಹೆಮ್ಮೆಪಡಲಿ, ಇನ್‌ಹೇಲರ್ ಮಾತ್ರ ಎಸೆಯದಿರಲಿ.

ಇನ್‌ಹೇಲರ್ ಎಂಬ ಹೆದರಿಕೆ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆ, ಅದು 'ಕೊನೆಯ ಔಷಧಿ', ಹುಡುಗಿಯ ಬ್ಯಾಗಿನಲ್ಲಿ ಕಂಡರೆ ಮದುವೆಗೆ ತೊಂದರೆ, ಹೀಗೆ ಮಾತುಗಳು ಹರಿದಾಡುತ್ತವೆ. ಲೆಕ್ಕ ನೋಡಿ. ಸಾಲ್ಬುಟಮಾಲ್ ಗುಳಿಗೆಯಲ್ಲಿರುವುದು 2 ಅಥವಾ 4 ಮಿಲಿಗ್ರಾಂ. ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ ಸಣ್ಣ ಗುಳಿಗೆಯ ಇಪ್ಪತ್ತನೆಯ ಒಂದು ಪಾಲು. ಗುಳಿಗೆ ಹೊಟ್ಟೆ ಸೇರಿ, ರಕ್ತಕ್ಕೆ ಹೋಗಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಪಫ್ ನೇರವಾಗಿ ಬೇಕಾದ ಜಾಗಕ್ಕೆ ಹೋಗುತ್ತದೆ. ಕಣ್ಣಿಗೆ ಹನಿ ಹಾಕಬೇಕಾದಲ್ಲಿ ಯಾರಾದರೂ ಔಷಧಿಯನ್ನು ಕುಡಿಯುತ್ತಾರೆಯೇ?

ವೈದ್ಯರು ಸೂಚಿಸಿದ್ದರೆ ಓಟಕ್ಕೆ 10-15 ನಿಮಿಷ ಮೊದಲು ಈ ಪಫ್ ತೆಗೆದುಕೊಂಡರೆ ಬಿಗಿತವನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಬರೀ ಇದನ್ನೇ ದಿನವೂ ನೆಚ್ಚಿಕೊಳ್ಳುವುದು ಸರಿಯಲ್ಲ. ಇದು ಬೆಂಕಿಯ ಹೊಗೆಯನ್ನು ಬೀಸಿ ಓಡಿಸುತ್ತದೆ, ಬೆಂಕಿಯನ್ನು ಆರಿಸುವುದಿಲ್ಲ. 2019ರಲ್ಲಿ ಜಾಗತಿಕ ಆಸ್ತಮಾ ಮಾರ್ಗಸೂಚಿಯಲ್ಲಿ ದೊಡ್ಡ ಬದಲಾವಣೆಯಾಯಿತು. ಆಸ್ತಮಾ ಇರುವ ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು, ಒಳಪೊರೆಯ ಊತವನ್ನು ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಯಾವುದಾದರೊಂದು ರೂಪದಲ್ಲಿ ಜೊತೆಗಿರಬೇಕು ಎಂದಾಯಿತು. ಸ್ಟೀರಾಯ್ಡ್ ಎಂದೊಡನೆ ಬೆಚ್ಚಬೇಡಿ. ಇದು ಜಿಮ್‌ಗಳಲ್ಲಿ ಮಾಂಸಖಂಡ ಬೆಳೆಸಲು ಕದ್ದು ಮಾರುವ ಸ್ಟೀರಾಯ್ಡ್ ಅಲ್ಲ, ಬೇರೆಯೇ ಜಾತಿ. ಪ್ರಮಾಣವೂ ಮೈಕ್ರೋಗ್ರಾಂಗಳಲ್ಲಿ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಅಷ್ಟೆ.

ಬಳಸುವ ರೀತಿಯಲ್ಲಿ ತಪ್ಪುವವರೇ ಹೆಚ್ಚು. ಪಂಪಿನಂಥ ಇನ್‌ಹೇಲರ್ ಆದರೆ ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನವಾಗಿ ಎಳೆದುಕೊಳ್ಳಲು ಆರಂಭಿಸಿದ ಕ್ಷಣದಲ್ಲಿ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಕ್ಯಾಪ್ಸೂಲ್ ಹಾಕಿ ತಿರುಗಿಸುವ ಪುಡಿಯ ಸಾಧನವಾದರೆ ಇದಕ್ಕೆ ತದ್ವಿರುದ್ಧ: ಅಲ್ಲಿ ಜೋರಾಗಿ, ಆಳವಾಗಿ ಎಳೆದುಕೊಳ್ಳಬೇಕು. ಪಂಪಿನ ಜೊತೆ ಸ್ಪೇಸರ್ ಎಂಬ ಕೊಳವೆ ಇದ್ದರೆ ಔಷಧಿ ಗಂಟಲಿಗೆ ಬಡಿದು ವ್ಯರ್ಥವಾಗುವುದು ತಪ್ಪುತ್ತದೆ. ಕೊಳ್ಳಲು ಹಣವಿಲ್ಲವೇ? ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿ ಹಿಡಿಸುವಷ್ಟು ರಂಧ್ರ ಮಾಡಿ ಸಂದು ಮುಚ್ಚಿದರೆ ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು 1999ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ ತೋರಿಸಿದರು.

ಮೈದಾನದಲ್ಲಿ ಗೆಳೆಯನಿಗೆ ದಮ್ಮು ಹತ್ತಿದರೆ ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಲಿ. ಸುತ್ತ ಗುಂಪು ಕಟ್ಟಬೇಡಿ. ಅವನ ಸಾಲ್ಬುಟಮಾಲ್ ಇನ್‌ಹೇಲರಿನಿಂದ ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್, ಪ್ರತಿ ಪಫ್‌ಗೆ ನಾಲ್ಕು ಉಸಿರು, ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ ಇನ್ನೊಮ್ಮೆ ಕೊಡುತ್ತಾ 108ಕ್ಕೆ ಕರೆ ಮಾಡಿ. ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾಗಿದ್ದರೆ ನಾಲ್ಕು ನಿಮಿಷವೂ ಕಾಯುವ ಮಾತಿಲ್ಲ.

ಓಡಿ ಗೆದ್ದವರು

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 597 ಕ್ರೀಡಾಪಟುಗಳಲ್ಲಿ 67 ಮಂದಿಗೆ ಈ ತೊಂದರೆಯಿತ್ತು. ಆ 67 ಮಂದಿ ಗೆದ್ದ ಪದಕಗಳು 41. ಹೆಪ್ಟಾತ್ಲಾನ್‌ನಲ್ಲಿ 1988ರಲ್ಲಿ 7291 ಅಂಕಗಳ ವಿಶ್ವದಾಖಲೆ ಮಾಡಿದ ಜಾಕಿ ಜಾಯ್ನರ್-ಕರ್ಸಿ, 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಓಡಿದ ಪೌಲಾ ರ‍್ಯಾಡ್‌ಕ್ಲಿಫ್ ಇಬ್ಬರೂ ಆಸ್ತಮಾ ಇದ್ದವರೇ. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ಗೆ ಸಿದ್ಧವಾದ ಅಮೆರಿಕದ ತಂಡದಲ್ಲಿ ಪರೀಕ್ಷಿಸಿದವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಮಾಡುವವರಲ್ಲಂತೂ ಅರ್ಧದಷ್ಟು ಜನರಿಗೆ ಈ ಬಿಗಿತ ಕಂಡುಬಂತು. ಹಿಮದ ಗಾಳಿಯಲ್ಲಿ ವರ್ಷಗಟ್ಟಲೆ ಬಾಯಿತೆರೆದು ಉಸಿರಾಡುವುದೇ ನಾಳಗಳನ್ನು ಕೆಡಿಸುತ್ತದೆ ಎಂದು ಈಗ ತಿಳಿಯಲಾಗಿದೆ.

ಒಂದು ಕಹಿ ಕಥೆಯೂ ಇದೆ. 1972ರ ಮ್ಯೂನಿಕ್‌ನಲ್ಲಿ ಅಮೆರಿಕದ 16 ವರ್ಷದ ಈಜುಗಾರ ರಿಕ್ ಡಿಮಾಂಟ್ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೊದಲಿಗನಾದ. ಅವನ ಆಸ್ತಮಾ ಔಷಧಿಯಲ್ಲಿ ನಿಷೇಧಿತ ಎಫೆಡ್ರಿನ್ ಇದ್ದುದರಿಂದ ಚಿನ್ನವನ್ನು ಹಿಂದಕ್ಕೆ ಪಡೆದರು. ಔಷಧಿಯ ವಿವರವನ್ನು ಹುಡುಗ ಮೊದಲೇ ಬರೆದುಕೊಟ್ಟಿದ್ದ, ಮುಂದಿನ ಕೆಲಸ ಮಾಡದವರು ದೊಡ್ಡವರು.

ಇಂದಿನ ನಿಯಮ ಬೇರೆ. ವಿಶ್ವವಿದ್ಯಾಲಯ, ರಾಜ್ಯ ಮಟ್ಟದಲ್ಲಿ ಸ್ಪರ್ಧಿಸುವ ನೀವು ಇದನ್ನು ಬರೆದಿಟ್ಟುಕೊಳ್ಳಿ. ವಾಡಾ ನಿಯಮದಂತೆ ಇನ್‌ಹೇಲರಿನ ಮೂಲಕ 24 ಗಂಟೆಗಳಲ್ಲಿ 1600 ಮೈಕ್ರೋಗ್ರಾಂ ವರೆಗೆ, ಅದರಲ್ಲೂ ಯಾವುದೇ 8 ಗಂಟೆಗಳಲ್ಲಿ 600ನ್ನು ಮೀರದಂತೆ, ಸಾಲ್ಬುಟಮಾಲ್ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಅದೇ ಔಷಧಿಯ ಗುಳಿಗೆಗೂ ಸಿರಪ್‌ಗೂ ಈ ರಿಯಾಯಿತಿ ಇಲ್ಲ. ಕೆಮ್ಮಿಗೆಂದು ಅಂಗಡಿಯಲ್ಲಿ ಕೇಳಿ ತರುವ ಸಿರಪ್‌ಗಳಲ್ಲಿ ಸಾಲ್ಬುಟಮಾಲ್, ಟರ್ಬುಟಲಿನ್ ಇರುವುದು ನಮ್ಮಲ್ಲಿ ಸಾಮಾನ್ಯ, ಕುಡಿಯುವ ಮೊದಲು ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ.